ವರ್ಷದ ಒಳ್ಳೆಯ ಕಾಮಿಕ್ಸ್ ಆರಿಸುವುದು ಹೇಗೆ?

ಯಾವುದೇ ಹೈಸ್ಕೂಲಿನ ತರಗತಿಯಲ್ಲಿ ನಿಂತು ‘ನೀವು ಓದಿದ ಕಾಮಿಕ್ಸ್‌ಗಳಲ್ಲಿ ಅತ್ಯುತ್ತಮವಾದುದು ಯಾವುದು?’ ಎಂದು ಕೇಳಿದರೆ ಹತ್ತಾರು ಕೈಗಳು ಮೇಲೇಳುತ್ತವೆ. ‘ಏಕೆ?’ ಎಂದು ಕೇಳಿದೊಡನೆ ಅರ್ಧದಷ್ಟು ಕೈಗಳು ಕೆಳಗಿಳಿಯುತ್ತವೆ. ‘ಚೆನ್ನಾಗಿದೆ ಸಾರ್’ ಎಂಬುದಕ್ಕಿಂತ ಹೆಚ್ಚಿನ ಉತ್ತರ ದೊರೆಯುವುದು ಅಪರೂಪ. ಇದೇ ಪ್ರಶ್ನೆಯನ್ನು ತಂದೆ-ತಾಯಿಗೆ ಕೇಳಿದರೆ ‘ಕಾಮಿಕ್ಸಿನಲ್ಲಿ ಒಳ್ಳೆಯದು, ಕೆಟ್ಟದ್ದು ಅಂತ ಬೇರೆ ಇರುತ್ತದೆಯೇ? ಎಲ್ಲವೂ ಹೊತ್ತು ಕಳೆಯುವ ಸಾಮಾನೇ’ ಎನ್ನುವವರೂ ಉಂಟು.

ಎರಡು ಉತ್ತರಗಳಲ್ಲೂ ಇರುವ ಕೊರತೆ ಒಂದೇ. ಒಂದೊಂದು ಪುಸ್ತಕವನ್ನೂ ಬಿಡಿಬಿಡಿಯಾಗಿ ತೂಗಿ ನೋಡುವ ತಾಳ್ಮೆ ಇಲ್ಲದಿರುವುದು. ವರ್ಷದ ಒಳ್ಳೆಯ ಕಾಮಿಕ್ಸ್ ಯಾವುದು, ಅದನ್ನು ರಚಿಸಿದ ಒಳ್ಳೆಯ ಕಲಾವಿದರು ಯಾರು ಎಂದು ತೀರ್ಮಾನಿಸುವ ಕೆಲಸ ಕೆಲವು ದೇಶಗಳಲ್ಲಿ ಹಲವು ದಶಕಗಳಿಂದ ಕ್ರಮಬದ್ಧವಾಗಿ ನಡೆದುಬಂದಿದೆ. ಆ ಕ್ರಮವನ್ನೂ, ಅದು ಎಡವಿದ ಸಂದರ್ಭಗಳನ್ನೂ ತಿಳಿದುಕೊಂಡರೆ ಮಕ್ಕಳಿಗೆ ಆರಿಸುವ ವಿದ್ಯೆ ಬರುತ್ತದೆ. ಹಿರಿಯರಿಗೆ ನಿರಾಕರಿಸುವ ಮುನ್ನ ಓದಬೇಕೆಂಬ ಎಚ್ಚರ ಬರುತ್ತದೆ.

ಓದದೆ ಕೊಟ್ಟ ತೀರ್ಪು

ಓದದೆ ತೀರ್ಪು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ನಡೆದ ಒಂದು ಪ್ರಸಂಗ ಒಳ್ಳೆಯ ಪಾಠ. ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಕಾಮಿಕ್ಸ್ ಪುಸ್ತಕಗಳು ವಿಪರೀತವಾಗಿ ಮಾರಾಟವಾಗುತ್ತಿದ್ದವು. ಅವುಗಳಲ್ಲಿ ಕೊಲೆ, ಸುಲಿಗೆ, ದೆವ್ವ-ಪಿಶಾಚಿಗಳ ಕಥೆಗಳೂ ಇದ್ದವು. ಮಕ್ಕಳು ಕೆಡುತ್ತಿದ್ದಾರೆಂಬ ಕೂಗೆದ್ದಿತು. 1948ರಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಪಟ್ಟಣದ ಶಾಲೆಯೊಂದರಲ್ಲಿ ಕಾಮಿಕ್ಸ್‌ಗಳನ್ನು ರಾಶಿ ಹಾಕಿ ಸುಟ್ಟರು. ಅಂಥ ಬೆಂಕಿ ಬೇರೆ ಊರುಗಳಲ್ಲೂ ಉರಿಯಿತು.

1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು ‘ಸೆಡಕ್ಷನ್ ಆಫ್ ದಿ ಇನೊಸೆಂಟ್’ ಎಂಬ ಪುಸ್ತಕ ಪ್ರಕಟಿಸಿದರು. ತಮ್ಮ ಬಳಿ ಚಿಕಿತ್ಸೆಗೆ ಬಂದ ಮಕ್ಕಳ ಮಾತುಗಳನ್ನೇ ಆಧಾರವಾಗಿಟ್ಟುಕೊಂಡು, ಮಕ್ಕಳು ಅಪರಾಧದ ಹಾದಿ ಹಿಡಿಯಲು ಕಾಮಿಕ್ಸ್ ಒಂದು ಮುಖ್ಯ ಕಾರಣ ಎಂದು ಅವರು ವಾದಿಸಿದರು. ವರ್ಥಮ್ ಸಾಮಾನ್ಯ ವ್ಯಕ್ತಿಯೇನಲ್ಲ. ಬಡ ಕರಿಯ ಜನರು ವಾಸಿಸುತ್ತಿದ್ದ ಹಾರ್ಲೆಮ್‌ನಲ್ಲಿ ಮಾನಸಿಕ ಚಿಕಿತ್ಸಾಲಯ ತೆರೆದು ಸೇವೆ ಸಲ್ಲಿಸಿದವರು. ಆದ್ದರಿಂದ ಅವರ ಮಾತಿಗೆ ತೂಕವಿತ್ತು. ಅದೇ ವರ್ಷ ಅಮೆರಿಕದ ಸೆನೆಟ್ ಸಮಿತಿಯೊಂದು ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ತಾವೇ ಒಂದು ಸಂಘ ಕಟ್ಟಿಕೊಂಡು ‘ಕಾಮಿಕ್ಸ್ ಕೋಡ್’ ಎಂಬ ನಿಯಮಾವಳಿ ರೂಪಿಸಿದರು. ಅದರ ಮುದ್ರೆ ಇಲ್ಲದ ಪುಸ್ತಕಗಳನ್ನು ಅಂಗಡಿಗಳಿಗೆ ಹಂಚುವವರೇ ಸಿಗದಂತಾಯಿತು. ಹಲವು ಕಂಪೆನಿಗಳು ಬಾಗಿಲು ಹಾಕಿದವು. ಅನೇಕ ಕಲಾವಿದರು ಕೆಲಸ ಕಳೆದುಕೊಂಡರು. ಆ ನಿಯಮಾವಳಿ ಪೂರ್ತಿಯಾಗಿ ಮರೆಯಾದದ್ದು 2011ರಲ್ಲಿ.

ಈ ಕಥೆಗೆ ಇನ್ನೊಂದು ಅಧ್ಯಾಯವಿದೆ. ವರ್ಥಮ್ 1981ರಲ್ಲಿ ತೀರಿಕೊಂಡರು. ಅವರ ಕಾಗದಪತ್ರಗಳನ್ನು 2010ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಸಂಶೋಧಕರಿಗೆ ತೆರೆಯಿತು. ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಗ್ರಂಥಾಲಯ ವಿಜ್ಞಾನ ಬೋಧಿಸುತ್ತಿದ್ದ ಕ್ಯಾರಲ್ ಟಿಲಿ ಅವರು ಮಕ್ಕಳ ಮೂಲ ಹೇಳಿಕೆಗಳನ್ನು ಪುಸ್ತಕದೊಂದಿಗೆ ಹೋಲಿಸಿ ನೋಡಿದರು. ಕೆಲವು ಮಾತುಗಳನ್ನು ತಿದ್ದಲಾಗಿತ್ತು. ಒಬ್ಬನ ಮಾತು ಇಬ್ಬರದೆಂದು, ಇಬ್ಬರ ಮಾತು ಒಬ್ಬನದೆಂದು ಬದಲಾಗಿತ್ತು. ಬೇರೆ ವೈದ್ಯರಿಂದ ಕೇಳಿದ್ದು ತಾವೇ ಕಂಡದ್ದೆಂಬಂತೆ ಅಚ್ಚಾಗಿತ್ತು. ಮಗುವಿನ ನಡತೆಗೆ ಕಾರಣವಾಗಿದ್ದಿರಬಹುದಾದ ಪುಂಡರ ಸಹವಾಸ, ಮನೆಯ ತೊಂದರೆ ಮುಂತಾದ ಸಂಗತಿಗಳು ಕೆಲವೆಡೆ ಬಿಟ್ಟುಹೋಗಿದ್ದವು. ಟಿಲಿ ಈ ವಿವರಗಳನ್ನು 2012ರಲ್ಲಿ ಪ್ರಕಟಿಸಿದರು.

ವಿಜ್ಞಾನದ ವಿದ್ಯಾರ್ಥಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಪ್ರಯೋಗಶಾಲೆಯಲ್ಲಿ ಉತ್ತರ ಮೊದಲೇ ಬರೆದಿಟ್ಟುಕೊಂಡು ಅದಕ್ಕೆ ಸರಿಹೊಂದುವ ಅಂಕಿಗಳನ್ನು ತುಂಬಿದಂತೆಯೇ ಇದೂ ಆಯಿತು. ಆಗ ಎಲ್ಲ ಕಾಮಿಕ್ಸ್‌ಗಳೂ ನಿರ್ದೋಷಿಗಳಾಗಿದ್ದವೆಂದು ಇದರ ಅರ್ಥವಲ್ಲ. ಕೆಲವು ನಿಜಕ್ಕೂ ಕೀಳಾಗಿದ್ದವು. ಜೊಳ್ಳನ್ನು ತೂರುವ ಬದಲು ಇಡೀ ಕಣವನ್ನೇ ಸುಟ್ಟದ್ದು ತಪ್ಪು.

ಐಸ್ನರ್ ಹೆಸರಿನ ಬಹುಮಾನ

ತೂರಿ ಕಾಳು ಆರಿಸುವ ಕೆಲಸ ಮಾಡುವ ಬಹುಮಾನಗಳಲ್ಲಿ ಪ್ರಸಿದ್ಧವಾದುದು ಅಮೆರಿಕದ ಐಸ್ನರ್ ಪ್ರಶಸ್ತಿ. ವಿಲ್ ಐಸ್ನರ್ 1917ರಲ್ಲಿ ನ್ಯೂಯಾರ್ಕಿನ ಬಡ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದವರು. 1940ರಿಂದ 1952ರವರೆಗೆ ದಿನಪತ್ರಿಕೆಗಳ ಭಾನುವಾರದ ಪುರವಣಿಯಲ್ಲಿ ಬರುತ್ತಿದ್ದ ‘ದಿ ಸ್ಪಿರಿಟ್’ ಅವರಿಗೆ ಹೆಸರು ತಂದಿತು. ಕಾಮಿಕ್ಸ್ ಪಾಠ ಹೇಳಬಲ್ಲದು ಎಂಬುದನ್ನು ಅವರು ಸೈನ್ಯದಲ್ಲಿ ತೋರಿಸಿಕೊಟ್ಟರು. ಸೈನಿಕರು ತಮ್ಮ ವಾಹನ ಹಾಗೂ ಯಂತ್ರಗಳನ್ನು ಕೆಡದಂತೆ ನೋಡಿಕೊಳ್ಳುವುದು ಹೇಗೆಂದು ಚಿತ್ರಕಥೆಗಳ ಮೂಲಕ ವಿವರಿಸುವ ಮಾಸಪತ್ರಿಕೆಯೊಂದನ್ನು 1951ರಿಂದ ಸುಮಾರು ಎರಡು ದಶಕ ಅವರು ನಡೆಸಿಕೊಟ್ಟರು. ದಪ್ಪ ಕೈಪಿಡಿ ಓದಲು ಬೇಸರಪಡುತ್ತಿದ್ದ ಸೈನಿಕ ಚಿತ್ರ ನೋಡಿ ಕಲಿಯುತ್ತಿದ್ದ. ಮುಂದೆ 1978ರಲ್ಲಿ ‘ಎ ಕಾಂಟ್ರಾಕ್ಟ್ ವಿತ್ ಗಾಡ್’ ಎಂಬ ಪುಸ್ತಕದಲ್ಲಿ ನ್ಯೂಯಾರ್ಕಿನ ವಠಾರದ ಬಡವರ ಬದುಕನ್ನು ಚಿತ್ರಕಥೆಯಾಗಿಸಿದರು.

1985ರಿಂದ 1987ರವರೆಗೆ ಜ್ಯಾಕ್ ಕಿರ್ಬಿ ಎಂಬ ಕಲಾವಿದನ ಹೆಸರಿನಲ್ಲಿ ಬಹುಮಾನಗಳಿದ್ದವು. ಅವು ಯಾರ ಸ್ವತ್ತು ಎಂಬ ಜಗಳದಲ್ಲಿ ನಿಂತುಹೋದವು. ಆ ಜಾಗದಲ್ಲಿ 1988ರಲ್ಲಿ ಹುಟ್ಟಿದ್ದೇ ಐಸ್ನರ್ ಪ್ರಶಸ್ತಿ. ಮೊದಲ ವರ್ಷವೇ ಅಲನ್ ಮೂರ್ ಬರೆದು ಡೇವ್ ಗಿಬ್ಬನ್ಸ್ ಚಿತ್ರಿಸಿದ ‘ವಾಚ್‌ಮೆನ್’ ಬಹುಮಾನ ಪಡೆಯಿತು. ಐಸ್ನರ್ 2005ರ ಜನವರಿಯಲ್ಲಿ ನಿಧನರಾಗುವವರೆಗೂ ತಾವೇ ವೇದಿಕೆಯಲ್ಲಿದ್ದು ಗೆದ್ದವರ ಕೈಕುಲುಕುತ್ತಿದ್ದರು.

ಆಯ್ಕೆ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲು ಐದಾರು ಮಂದಿಯ ಒಂದು ಸಮಿತಿ. ಅದರಲ್ಲಿ ಎಲ್ಲರೂ ಚಿತ್ರಕಾರರೇ ಇರುವುದಿಲ್ಲ. ಪುಸ್ತಕದಂಗಡಿ ನಡೆಸುವವರು, ಗ್ರಂಥಪಾಲಕರು, ಅಧ್ಯಾಪಕರು, ವಿಮರ್ಶಕರು ಇಂಥವರನ್ನು ಬೆರೆಸಿ ಸಮಿತಿ ಮಾಡುತ್ತಾರೆ. ಪ್ರಕಾಶಕರು ಕಳಿಸಿದ ಪುಸ್ತಕಗಳ ರಾಶಿಯನ್ನು ಓದಿ, ಚರ್ಚಿಸಿ, ಪ್ರತಿಯೊಂದು ವಿಭಾಗಕ್ಕೂ ಕೆಲವೇ ಹೆಸರುಗಳನ್ನು ಅವರು ಉಳಿಸುತ್ತಾರೆ. ಎರಡನೆಯ ಹಂತದಲ್ಲಿ ಕಾಮಿಕ್ಸ್ ಕ್ಷೇತ್ರದಲ್ಲಿ ದುಡಿಯುವವರು ಮತ ಹಾಕಿ ಒಂದನ್ನು ಗೆಲ್ಲಿಸುತ್ತಾರೆ. ಮೊದಲ ಹಂತದಲ್ಲಿ ಕೆಲವರು ಆಳವಾಗಿ ಓದುತ್ತಾರೆ. ಎರಡನೆಯದರಲ್ಲಿ ಹಲವರು ಅಭಿಪ್ರಾಯ ಹೇಳುತ್ತಾರೆ. ಒಂದರ ಕೊರತೆಯನ್ನು ಇನ್ನೊಂದು ತುಂಬಲೆಂದು ಈ ಏರ್ಪಾಡು.

ಒಬ್ಬರ ಕೆಲಸವಲ್ಲ

ಈ ಬಹುಮಾನದ ವಿಭಾಗಗಳನ್ನು ನೋಡಿದರೇ ಕಾಮಿಕ್ಸ್ ಹೇಗೆ ತಯಾರಾಗುತ್ತದೆಂಬುದು ತಿಳಿಯುತ್ತದೆ. ಕಥೆ ಬರೆಯುವವರಿಗೆ ಒಂದು ಬಹುಮಾನ. ಪೆನ್ಸಿಲಿನಲ್ಲಿ ಚಿತ್ರ ಬರೆದು ಶಾಯಿ ತೀಡುವವರಿಗೆ ಒಂದು. ಮುಖಪುಟಕ್ಕೆ, ಬಣ್ಣ ತುಂಬುವವರಿಗೆ ಪ್ರತ್ಯೇಕ ಬಹುಮಾನಗಳು. 1993ರಿಂದ ಅಕ್ಷರ ಬರೆಯುವವರಿಗೂ ಒಂದು.

ಅಕ್ಷರ ಬರೆಯುವುದಕ್ಕೆ ಬಹುಮಾನವೇ ಎಂದು ಆಶ್ಚರ್ಯಪಡಬೇಕಿಲ್ಲ. ಪಾತ್ರಗಳ ಬಾಯಿಂದ ಹೊರಡುವ ಮಾತಿನ ಗುಳ್ಳೆಗಳನ್ನು ಎಲ್ಲಿ ಇರಿಸಬೇಕು, ಯಾರ ಮಾತು ಮೊದಲು ಓದಿಸಿಕೊಳ್ಳಬೇಕು, ಪಿಸುಮಾತು ಹೇಗಿರಬೇಕು, ಕಿರುಚಾಟ ಹೇಗಿರಬೇಕು ಎಂಬುದೆಲ್ಲ ಅವರ ಕೈಯಲ್ಲಿದೆ. ಟಾಡ್ ಕ್ಲೈನ್ ಎಂಬುವರು ಈ ವಿಭಾಗದಲ್ಲಿ ಹದಿನೈದಕ್ಕೂ ಹೆಚ್ಚು ಬಾರಿ ಗೆದ್ದಿದ್ದಾರೆ. ‘ಸ್ಯಾಂಡ್‌ಮನ್’ ಎಂಬ ಸರಣಿಯಲ್ಲಿ ಕನಸಿನ ಒಡೆಯನ ಮಾತನ್ನು ಅವರು ಕಪ್ಪು ಗುಳ್ಳೆಯೊಳಗೆ ಬಿಳಿ ಅಕ್ಷರದಲ್ಲಿ ಬರೆದರು. ಆ ಪಾತ್ರದ ದನಿ ಬೇರೆಯವರ ದನಿಯಂತಲ್ಲ ಎಂಬುದು ಓದುಗರಿಗೆ ಕಣ್ಣಿನಿಂದಲೇ ಕೇಳಿಸಿತು.

ಇನ್ನು ಚೌಕಗಳ ನಡುವಿನ ಬಿಳಿ ಜಾಗ. ಒಂದು ಚೌಕದಲ್ಲಿ ಹುಡುಗ ಚೆಂಡಿಗೆ ಬ್ಯಾಟು ಬೀಸುತ್ತಾನೆ. ಮುಂದಿನ ಚೌಕದಲ್ಲಿ ಕಿಟಕಿಯ ಗಾಜು ಚೂರಾಗಿದೆ. ಚೆಂಡು ಹಾರಿದ್ದನ್ನು ಯಾರೂ ಬರೆದಿಲ್ಲ. ಅದು ಓದುಗರ ತಲೆಯೊಳಗೆ ನಡೆಯಿತು. ಸ್ಕಾಟ್ ಮೆಕ್‌ಕ್ಲೌಡ್ 1993ರಲ್ಲಿ ಪ್ರಕಟಿಸಿದ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ ಎಂಬ ಪುಸ್ತಕದಲ್ಲಿ ಇದನ್ನು ವಿವರವಾಗಿ ತೋರಿಸಿದರು. ಆ ಪುಸ್ತಕವೂ ಕಾಮಿಕ್ಸ್ ರೂಪದಲ್ಲೇ ಇದೆ. ಒಳ್ಳೆಯ ಕಾಮಿಕ್ಸ್ ಓದುಗರಿಗೆ ಎಷ್ಟು ಕೆಲಸ ಬಿಡಬೇಕೋ ಅಷ್ಟನ್ನೇ ಬಿಡುತ್ತದೆ. ಎಲ್ಲವನ್ನೂ ತಾನೇ ಹೇಳಿದರೆ ಬೇಸರ. ಏನನ್ನೂ ಹೇಳದಿದ್ದರೆ ಗೊಂದಲ.

ಖಾಲಿ ಗುಳ್ಳೆ ಹೇಳಿದ ಕಥೆ

ಬಹುಮಾನಕ್ಕೆ ಅರ್ಹವಾದ ಪುಸ್ತಕ ಎಂದರೆ ಹೇಗಿರುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ ಸಾಕು. 2014ರಲ್ಲಿ ಅಮೆರಿಕದ ಸೀಸಿ ಬೆಲ್ ಎಂಬ ಲೇಖಕಿ ‘ಎಲ್ ಡೆಫೊ’ ಎಂಬ ಪುಸ್ತಕ ರಚಿಸಿದರು. ನಾಲ್ಕನೆಯ ವಯಸ್ಸಿನಲ್ಲಿ ಮೆದುಳು ಪೊರೆಯ ಉರಿಯೂತ, ಅಂದರೆ ಮೆನಿಂಜೈಟಿಸ್ ಬಂದು ಅವರ ಶ್ರವಣಶಕ್ತಿ ಹೋಯಿತು. ಶಾಲೆಯಲ್ಲಿ ಎದೆಗೆ ಕಟ್ಟಿಕೊಳ್ಳುವ ದೊಡ್ಡದೊಂದು ಶ್ರವಣಸಾಧನ. ಟೀಚರ್ ಕೊರಳಲ್ಲಿ ಮೈಕು. ಟೀಚರ್ ಮೈಕು ತೆಗೆಯುವುದನ್ನು ಮರೆತು ತರಗತಿಯಿಂದ ಹೊರಗೆ ಹೋದರೆ ಅವರು ಎಲ್ಲಿದ್ದರೂ ಆ ಸದ್ದೆಲ್ಲ ಈ ಹುಡುಗಿಗೆ ಕೇಳುತ್ತಿತ್ತು! ಈ ಶಕ್ತಿಗಾಗಿ ಅವಳು ತನ್ನನ್ನು ಒಬ್ಬ ಸೂಪರ್‌ಹೀರೋ ಎಂದು ಕಲ್ಪಿಸಿಕೊಳ್ಳುತ್ತಾಳೆ.

ಪುಸ್ತಕದಲ್ಲಿ ಎಲ್ಲರೂ ಮೊಲಗಳು. ಉದ್ದ ಕಿವಿಗಳ ನಡುವೆ ತನ್ನ ಕಿವಿ ಮಾತ್ರ ಕೆಲಸ ಮಾಡದೆಂಬ ಹುಡುಗಿಯ ಸಂಕೋಚ ಮೊದಲ ಪುಟಗಳಲ್ಲೇ ಅರಿವಾಗುತ್ತದೆ. ಸಾಧನದ ಬ್ಯಾಟರಿ ಇಳಿಯುತ್ತ ಹೋದಂತೆ ಗುಳ್ಳೆಯೊಳಗಿನ ಅಕ್ಷರಗಳು ಮಸುಕಾಗುತ್ತವೆ. ಪೂರ್ತಿ ಮುಗಿದಾಗ ಗುಳ್ಳೆ ಖಾಲಿ. ಎದುರಿನವರ ಬಾಯಿ ಆಡುತ್ತಿದೆ, ಮಾತಿಲ್ಲ. ಇದನ್ನು ಬರಿಯ ಗದ್ಯದಲ್ಲಿ ಹೇಳಲು ಒಂದು ಪುಟ ಬೇಕು. ಅಷ್ಟು ಬರೆದರೂ ಕಿವಿ ಕೇಳುವ ಓದುಗರಿಗೆ ಅನುಭವ ಆಗುವುದು ಕಷ್ಟ. ಸಿನಿಮಾ ಧ್ವನಿ ನಿಲ್ಲಿಸಬಹುದು. ಆದರೆ ಮಾತು ಬಂದಿದೆ, ತಲುಪಿಲ್ಲ ಎಂಬುದನ್ನು ಒಂದೇ ನೋಟದಲ್ಲಿ ಕಾಣಿಸಲು ಖಾಲಿ ಗುಳ್ಳೆಯೇ ಬೇಕು. 2015ರಲ್ಲಿ ಮಕ್ಕಳ ವಿಭಾಗದ ಐಸ್ನರ್ ಪ್ರಶಸ್ತಿ ಈ ಪುಸ್ತಕಕ್ಕೆ ಬಂದಿತು. ಅದೇ ವರ್ಷ ಮಕ್ಕಳ ಸಾಹಿತ್ಯಕ್ಕೆಂದೇ ಇರುವ ನ್ಯೂಬೆರಿ ಗೌರವವೂ ದೊರೆಯಿತು.

ಒಳ್ಳೆಯ ಕಾಮಿಕ್ಸ್ ಆರಿಸುವವರು ಕೇಳಬೇಕಾದ ಮೊದಲ ಪ್ರಶ್ನೆ ಇಲ್ಲಿಯೇ ಸಿಗುತ್ತದೆ: ಈ ಕಥೆಯನ್ನು ಚಿತ್ರಕಥೆಯಾಗಿ ಹೇಳಿದ್ದರಿಂದ ಏನು ಹೆಚ್ಚಾಯಿತು?

ಪಟ್ಟಿಗಳೂ ತಪ್ಪುತ್ತವೆ

ಬಹುಮಾನದ ಪಟ್ಟಿ ದೇವರ ವಾಕ್ಯವೇನಲ್ಲ. 1990ರಲ್ಲಿ ಮತಪತ್ರಗಳ ಗೊಂದಲದಿಂದ ಐಸ್ನರ್ ಪ್ರಶಸ್ತಿಗಳನ್ನೇ ಕೊಡಲಾಗಲಿಲ್ಲ. ಅದಕ್ಕಿಂತ ದೊಡ್ಡ ಪಾಠ ಫ್ರಾನ್ಸಿನಲ್ಲಿ ಸಿಕ್ಕಿತು. ಅಲ್ಲಿನ ಆಂಗುಲೆಮ್ ಪಟ್ಟಣದಲ್ಲಿ 1974ರಲ್ಲಿ ಆರಂಭವಾದ ಉತ್ಸವ ಯೂರೋಪಿನ ಕಾಮಿಕ್ಸ್ ಲೋಕಕ್ಕೆ ದೊಡ್ಡ ಜಾತ್ರೆ. ಅದರ ಮುಖ್ಯ ಬಹುಮಾನ ‘ಗ್ರಾಂ ಪ್ರೀ’ ಒಬ್ಬ ಕಲಾವಿದರ ಜೀವಮಾನದ ಸಾಧನೆಗೆ ಸಲ್ಲುವಂಥದು. 2016ರಲ್ಲಿ ಅದಕ್ಕಾಗಿ 30 ಹೆಸರುಗಳ ಪಟ್ಟಿ ಹೊರಬಿತ್ತು. ಮೂವತ್ತರಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ!

ಪಟ್ಟಿಯಲ್ಲಿದ್ದವರೇ ಮೊದಲು ಎದ್ದು ನಿಂತರು. ರಿಯಾದ್ ಸತ್ತೂಫ್, ಡೇನಿಯಲ್ ಕ್ಲೋಸ್ ಮೊದಲಾದ ಹೆಸರಾಂತರು ತಮ್ಮ ಹೆಸರು ತೆಗೆಯಿರಿ ಎಂದರು. ಕೊನೆಗೆ ಉತ್ಸವದವರು ಪಟ್ಟಿಯನ್ನೇ ಕೈಬಿಟ್ಟು, ವೃತ್ತಿಯಲ್ಲಿರುವ ಲೇಖಕ-ಕಲಾವಿದರು ತಮಗೆ ಬೇಕಾದವರಿಗೆ ಮತ ಹಾಕಲಿ ಎಂದರು. ಆ ವರ್ಷ ಬೆಲ್ಜಿಯಮ್ಮಿನ ಹರ್ಮನ್ ಗೆದ್ದರು. 2019ರಲ್ಲಿ ಜಪಾನಿನ ರುಮಿಕೊ ತಕಹಾಶಿ, 2022ರಲ್ಲಿ ಕೆನಡಾದ ಜೂಲಿ ಡೂಸೆ, 2024ರಲ್ಲಿ ಇಂಗ್ಲೆಂಡಿನ ಪೋಸಿ ಸಿಮಂಡ್ಸ್ ಈ ಗೌರವ ಪಡೆದರು. ಇವರೆಲ್ಲ 2016ಕ್ಕೆ ಮೊದಲೇ ದಶಕಗಳ ಕಾಲ ದುಡಿದವರು. ಅವರ ಕೆಲಸ ಅದೇ ಇತ್ತು, ನೋಡುವವರ ಕಣ್ಣು ಬದಲಾಯಿತು. ಆದ್ದರಿಂದ ಯಾವುದೇ ಪಟ್ಟಿಯನ್ನು ಓದುವಾಗ ಒಳಗೆ ಯಾರಿದ್ದಾರೆ ಎನ್ನುವುದರ ಜೊತೆಗೆ ಹೊರಗೆ ಯಾರು ಉಳಿದರು ಎಂದೂ ಕೇಳಬೇಕು.

ಹತ್ತು ಸೆಂಟಿನ ಪುಸ್ತಕ

ಒಂದು ಕಾಮಿಕ್ಸ್ ಓದುಗರಲ್ಲಿ ಎಷ್ಟು ದೂರ ಸಾಗಬಲ್ಲದು ಎಂಬುದನ್ನು ಬಹುಮಾನದ ದಿನವೇ ಅಳೆಯಲಾಗುವುದಿಲ್ಲ. 1957ರಲ್ಲಿ ಅಮೆರಿಕದಲ್ಲಿ ‘ಮಾರ್ಟಿನ್ ಲೂಥರ್ ಕಿಂಗ್ ಅಂಡ್ ದಿ ಮಾಂಟ್‌ಗಮರಿ ಸ್ಟೋರಿ’ ಎಂಬ 16 ಪುಟಗಳ ಕಾಮಿಕ್ಸ್ ಬಂದಿತು. ಬೆಲೆ ಹತ್ತು ಸೆಂಟು. ಬಸ್ಸಿನಲ್ಲಿ ಕರಿಯರಿಗೆ ಬೇರೆ ಸೀಟು ಎಂಬ ಅನ್ಯಾಯದ ವಿರುದ್ಧ ನಡೆದ ಬಹಿಷ್ಕಾರದ ಕಥೆ ಅದು. ಗಾಂಧೀಜಿಯವರ ಅಹಿಂಸಾ ಮಾರ್ಗವನ್ನು ಅನುಸರಿಸುವುದು ಹೇಗೆಂದೂ ಅದರಲ್ಲಿ ಹೇಳಿತ್ತು.

ಅದನ್ನು ಓದಿದವರಲ್ಲಿ ಅಲಬಾಮಾದ ಜಾನ್ ಲೂಯಿಸ್ ಎಂಬ ತರುಣನೂ ಒಬ್ಬ. 1956ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಊರಿನ ಗ್ರಂಥಾಲಯಕ್ಕೆ ಹೋದಾಗ ಇದು ಬಿಳಿಯರಿಗೆ ಮಾತ್ರ ಎಂದು ಅವನಿಗೆ ಕಾರ್ಡು ನಿರಾಕರಿಸಿದ್ದರು. ಆತ ಮುಂದೆ ನಾಗರಿಕ ಹಕ್ಕುಗಳ ಚಳವಳಿಯ ಮುಂದಾಳಾದರು. 1965ರಲ್ಲಿ ಸೆಲ್ಮಾದ ಸೇತುವೆಯ ಮೇಲೆ ಪೊಲೀಸರ ಏಟಿಗೆ ತಲೆಬುರುಡೆ ಬಿರುಕು ಬಿಟ್ಟಿತು. ನಂತರ ಸಂಸತ್ ಸದಸ್ಯರಾದರು. ಆ ಬದುಕನ್ನು ಆಂಡ್ರ್ಯೂ ಐಡಿನ್ ಜೊತೆಗೂಡಿ ಬರೆದು, ನೇಟ್ ಪೊವೆಲ್ ಅವರಿಂದ ಚಿತ್ರ ಬರೆಸಿ, ‘ಮಾರ್ಚ್’ ಎಂಬ ಮೂರು ಸಂಪುಟಗಳ ಚಿತ್ರಕಥೆಯಾಗಿ 2013ರಿಂದ 2016ರ ನಡುವೆ ಹೊರತಂದರು. ಮೂರನೆಯ ಸಂಪುಟಕ್ಕೆ 2016ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್, 2017ರಲ್ಲಿ ಐಸ್ನರ್ ಪ್ರಶಸ್ತಿ ದೊರೆತವು. ಪ್ರಶಸ್ತಿ ಸ್ವೀಕರಿಸುವಾಗ ಲೂಯಿಸ್ ಗ್ರಂಥಾಲಯದ ಆ ಘಟನೆಯನ್ನು ನೆನೆದು ಗದ್ಗದಿತರಾದರು.

ನಮ್ಮ ನೆಲದಲ್ಲಿ

ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರನ್ನು ನೆನೆಯದೆ ಭಾರತದ ಕಾಮಿಕ್ಸ್ ಮಾತು ಮುಗಿಯದು. 1967ರಲ್ಲಿ ದೆಹಲಿಯ ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿದ ಮಕ್ಕಳು ರಾಮನ ತಾಯಿಯ ಹೆಸರು ಹೇಳಲಾಗದೆ ನಿಂತದ್ದನ್ನು ಕಂಡು ಅವರು ಅಮರ ಚಿತ್ರಕಥೆಯ ಕೆಲಸಕ್ಕೆ ಕೈಹಾಕಿದರೆಂಬುದು ಪ್ರಸಿದ್ಧ. ಆ ಮಾಲೆಯ ಮೊದಲ ಹತ್ತು ಸಂಚಿಕೆಗಳು ಪಾಶ್ಚಾತ್ಯ ಕಥೆಗಳಾಗಿದ್ದವು. ಹನ್ನೊಂದನೆಯದಾಗಿ ಬಂದ ‘ಕೃಷ್ಣ’ನಿಂದ ದಾರಿ ಬದಲಾಯಿತು. ಅದರ ಚಿತ್ರಕಾರ ರಾಮ್ ವಾಯೀರ್ಕರ್. ಆದರೆ ಅವುಗಳನ್ನು ಓದಿ ಬೆಳೆದ ಎಷ್ಟು ಮಂದಿಗೆ ಚಿತ್ರಕಾರರ ಹೆಸರು ನೆನಪಿದೆ?

2021ರಲ್ಲಿ ಮುಂಬಯಿಯ ಆನಂದ್ ರಾಧಾಕೃಷ್ಣನ್ ‘ಬ್ಲೂ ಇನ್ ಗ್ರೀನ್’ ಎಂಬ ಪುಸ್ತಕದ ಚಿತ್ರಗಳಿಗಾಗಿ, ಬಣ್ಣ ತುಂಬಿದ ಜಾನ್ ಪಿಯರ್ಸನ್ ಜೊತೆ ಐಸ್ನರ್ ಪ್ರಶಸ್ತಿ ಹಂಚಿಕೊಂಡರು. ಸಂಗೀತಗಾರನೊಬ್ಬನ ಸುತ್ತ ಹೆಣೆದ ಆ ಕಥೆ ಭಯ ಹುಟ್ಟಿಸುವಂಥದು, ದೊಡ್ಡವರಿಗಾಗಿ ಬರೆದದ್ದು. ಬಹುಮಾನ ಬಂದ ಮಾತ್ರಕ್ಕೆ ಅದನ್ನು ಹತ್ತು ವರ್ಷದ ಮಗುವಿನ ಕೈಗೆ ಕೊಡುವ ಹಾಗಿಲ್ಲ. ಐಸ್ನರ್‌ನಲ್ಲಿ ಎಳೆಯ ಓದುಗರಿಗೆ, ಮಕ್ಕಳಿಗೆ, ಹದಿಹರೆಯದವರಿಗೆ ಬೇರೆ ಬೇರೆ ವಿಭಾಗಗಳಿವೆ. ಪಾಲಕರು ನೋಡಬೇಕಾದದ್ದು ಆ ವಿಭಾಗಗಳನ್ನು.

ಹಾಗೆಂದು ಒಂದು ಚೌಕವನ್ನಷ್ಟೇ ನೋಡಿ ಪುಸ್ತಕವನ್ನು ದೂರ ಇಡುವುದೂ ಸರಿಯಲ್ಲ. ನಾಜಿಗಳ ಆಷ್‌ವಿಟ್ಸ್ ಸೆರೆಶಿಬಿರದಿಂದ ಬದುಕಿ ಬಂದ ತಂದೆ-ತಾಯಿಯ ಕಥೆಯನ್ನು ಆರ್ಟ್ ಸ್ಪೀಗೆಲ್‌ಮನ್ ‘ಮೌಸ್’ ಎಂಬ ಹೆಸರಿನಲ್ಲಿ, ಯಹೂದಿಗಳನ್ನು ಇಲಿಗಳಾಗಿ ಜರ್ಮನರನ್ನು ಬೆಕ್ಕುಗಳಾಗಿ ಚಿತ್ರಿಸಿ ಹೇಳಿದರು. 1992ರಲ್ಲಿ ಅದಕ್ಕೆ ವಿಶೇಷ ಪುಲಿಟ್ಜರ್ ಬಹುಮಾನ ಬಂದಿತು. 2022ರ ಜನವರಿಯಲ್ಲಿ ಅಮೆರಿಕದ ಟೆನಿಸಿ ರಾಜ್ಯದ ಒಂದು ಶಾಲಾಮಂಡಳಿ ಕೆಲವು ಬೈಗುಳ ಮತ್ತು ಒಂದು ನಗ್ನ ಚಿತ್ರದ ಕಾರಣ ಹೇಳಿ ಅದನ್ನು ಎಂಟನೆಯ ತರಗತಿಯ ಪಠ್ಯದಿಂದ ತೆಗೆಯಿತು. ಲಕ್ಷಾಂತರ ಜನರ ಕೊಲೆಯ ಕಥೆ ಹೇಳುವ ಪುಸ್ತಕದಲ್ಲಿ ಅವರ ಕಣ್ಣು ನಿಂತದ್ದು ಅಲ್ಲಿ!

ಮನೆಯಲ್ಲೇ ಒಂದು ಆಯ್ಕೆ ಸಮಿತಿ

ಈ ಕೆಲಸವನ್ನು ಮನೆಯಲ್ಲಿ ಅಥವಾ ತರಗತಿಯಲ್ಲಿ ಮಾಡಿ ನೋಡಬಹುದು. ಖರ್ಚಿಲ್ಲ. ಗ್ರಂಥಾಲಯದಿಂದ, ಗೆಳೆಯರಿಂದ ತಂದ ಆರು ಪುಸ್ತಕ ಸಾಕು.

1. ಸಮಿತಿಯಲ್ಲಿ ಕನಿಷ್ಠ ಮೂವರಿರಲಿ. ಅವರಲ್ಲಿ ಒಬ್ಬರು ಅಪ್ಪ, ಅಮ್ಮ, ಅಜ್ಜ ಅಥವಾ ಟೀಚರ್. ಎಲ್ಲರೂ ಎಲ್ಲ ಪುಸ್ತಕಗಳನ್ನೂ ಮೊದಲಿನಿಂದ ಕೊನೆಯವರೆಗೆ ಓದಬೇಕು. ಓದದವರಿಗೆ ಮತವಿಲ್ಲ.

2. ಎರಡು ಸಲ ಓದಿ. ಎರಡನೆಯ ಸಲ ಒಂದು ಪುಟದ ಮಾತುಗಳನ್ನು ಕಾಗದದಿಂದ ಮುಚ್ಚಿ, ಚಿತ್ರದಿಂದ ಕಥೆ ಎಷ್ಟು ತಿಳಿಯುತ್ತದೆ ನೋಡಿ. ಅನಂತರ ಚಿತ್ರ ಮುಚ್ಚಿ ಮಾತನ್ನಷ್ಟೇ ಓದಿ. ಚಿತ್ರದಲ್ಲಿ ಇದ್ದದ್ದನ್ನೇ ಮಾತು ಮತ್ತೆ ಹೇಳುತ್ತಿದ್ದರೆ ಅಂಕ ಕಡಿಮೆ ಕೊಡಿ.

3. ಕಥೆಗೆ 10, ಚಿತ್ರಕ್ಕೆ 10, ಮಾತು-ಚಿತ್ರಗಳ ಹೊಂದಾಣಿಕೆಗೆ 10, ಮತ್ತೆ ಓದಬೇಕೆನ್ನಿಸಿತೇ ಎಂಬುದಕ್ಕೆ 10 ಅಂಕ. ಚರ್ಚೆಗೆ ಮುನ್ನವೇ ಪ್ರತಿಯೊಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆದಿಡಬೇಕು. ಇಲ್ಲವಾದರೆ ದೊಡ್ಡ ದನಿಯವರ ಅಭಿಪ್ರಾಯವೇ ಎಲ್ಲರದೂ ಆಗುತ್ತದೆ.

4. ಚೀಟಿಗಳನ್ನು ತೆರೆದು, ಅಂಕಗಳಲ್ಲಿ ಹೆಚ್ಚು ಅಂತರವಿರುವ ಪುಸ್ತಕವನ್ನು ಮೊದಲು ಚರ್ಚೆಗೆ ತೆಗೆದುಕೊಳ್ಳಿ. ಒಬ್ಬರು 9, ಇನ್ನೊಬ್ಬರು 3 ಕೊಟ್ಟಿದ್ದರೆ ಒಬ್ಬರು ಕಂಡದ್ದು ಇನ್ನೊಬ್ಬರಿಗೆ ಕಂಡಿಲ್ಲ. ಆ ಪುಟವನ್ನು ತೆರೆದು ತೋರಿಸಬೇಕು. ಚರ್ಚೆಯ ನಂತರ ಅಂಕ ಬದಲಿಸಲು ಅವಕಾಶವಿರಲಿ.

5. ಬರೆದವರು, ಚಿತ್ರಿಸಿದವರು, ಬಣ್ಣ ತುಂಬಿದವರು, ಅಕ್ಷರ ಬರೆದವರು ಯಾರೆಂದು ಹುಡುಕಿ ಬರೆದಿಡಿ. ಪುಸ್ತಕದಲ್ಲಿ ಹೆಸರೇ ಇಲ್ಲದಿದ್ದರೆ ಅದನ್ನೂ ಟಿಪ್ಪಣಿ ಮಾಡಿ.

6. ಕೊನೆಯಲ್ಲಿ, ಆರು ಪುಸ್ತಕಗಳಲ್ಲಿ ಯಾರ ಬದುಕು ಬಂದಿಲ್ಲ ಎಂದು ನೋಡಿ. ಹಳ್ಳಿಯ ಮಕ್ಕಳು, ಹುಡುಗಿಯರು, ಅಂಗವಿಕಲರು, ಕನ್ನಡದಲ್ಲೇ ಹುಟ್ಟಿದ ಕಥೆಗಳು ಇವೆಯೇ? ಮುಂದಿನ ಸಲದ ಹುಡುಕಾಟ ಅಲ್ಲಿಂದ ಆರಂಭವಾಗಲಿ.

ಇದರಿಂದ ಮಕ್ಕಳಿಗೆ ಆಗುವ ಲಾಭ ಕಾಮಿಕ್ಸಿಗೆ ಸೀಮಿತವಲ್ಲ. ಕಾರಣ ಕೊಡುವುದು, ಇನ್ನೊಬ್ಬರ ಕಾರಣ ಕೇಳುವುದು, ಸಾಕ್ಷ್ಯ ಕಂಡಾಗ ಅಭಿಪ್ರಾಯ ಬದಲಿಸುವುದು, ಇವು ಪ್ರಬಂಧಕ್ಕೂ ಬೇಕು, ಪ್ರಯೋಗದ ವರದಿಗೂ ಬೇಕು. ತಂದೆ-ತಾಯಿಗೂ ಒಂದು ಲಾಭವುಂಟು. ಮಗ ಅಥವಾ ಮಗಳು ಯಾವ ಪುಟದಲ್ಲಿ ನಕ್ಕಳು, ಯಾವ ಪುಟದಲ್ಲಿ ಸುಮ್ಮನಾದಳು ಎಂಬುದು ಜೊತೆಗೆ ಕುಳಿತು ಓದಿದವರಿಗಷ್ಟೇ ತಿಳಿಯುತ್ತದೆ.

ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಬರುವ ಬೇಸಿಗೆ ರಜೆಯ ಮೊದಲ ವಾರ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಗೆದ್ದ ಪುಸ್ತಕದ ಒಳಪುಟದಲ್ಲಿ ಗೆಲುವಿಗೆ ಕಾರಣವನ್ನು ಎರಡೇ ವಾಕ್ಯಗಳಲ್ಲಿ ಬರೆದ ಚೀಟಿಯಿರಲಿ, ಕೆಳಗೆ ಸಮಿತಿಯ ಎಲ್ಲರ ಸಹಿ ಇರಲಿ. ಜೂನ್‌ನಲ್ಲಿ ಶಾಲೆ ತೆರೆದಾಗ ಅದನ್ನು ತರಗತಿಯ ಪುಸ್ತಕದ ಕಪಾಟಿಗೆ ಕೊಟ್ಟರೆ ಇನ್ನೂ ನಲವತ್ತು ಮಕ್ಕಳು ಓದುತ್ತಾರೆ. ಅವರಲ್ಲಿ ಕೆಲವರು ಆ ತೀರ್ಪು ತಪ್ಪೆಂದು ವಾದಿಸಲು ಬಂದರೆ, ಅವರನ್ನೇ ಮುಂದಿನ ವರ್ಷದ ಸಮಿತಿಗೆ ಸೇರಿಸಿಕೊಳ್ಳಿ.